ಜಾಲದ ಯಂತ್ರಗಳು ನೆರೆಯ ಯಂತ್ರವನ್ನು ಗುರುತಿಸುವ ಬಗೆ



ಇಂದು ಬಹಳಷ್ಟು ಸಂಘಗಳಲ್ಲಿ ಹಾಲಿನ ತೂಕ, ಜಿಡ್ಡಿನಂಶ ಮತ್ತು ದರ ಕಂಪ್ಯೂಟರಿನಲ್ಲಿ ದಾಖಲಾಗುತ್ತಿವೆ. ಶೀತಲೀಕರಣ ಕೇಂದ್ರ ಮತ್ತು ಡೇರಿಗಳಲ್ಲಿ ಅನೇಕ ಕಂಪ್ಯೂಟರು, ಫೋನುಗಳನ್ನು ತಂತಿಗಳಿಂದ ಒಂದಕ್ಕೊಂದು ಜೋಡಿಸಿರುತ್ತಾರೆ. ಈ ಜೋಡಣೆಯೇ ನೆಟ್‌ವರ್ಕ್, ಅಂದರೆ ಜಾಲ. ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ಇದು ದೀಪದ ಸ್ವಿಚ್ ಅಲ್ಲ. ತಂತಿ ಸಿಕ್ಕಿಸುವ ಒಂದೊಂದು ಕಿಂಡಿಯನ್ನು ಪೋರ್ಟ್ ಎನ್ನುತ್ತಾರೆ.

ಜಾಲ ಕೆಟ್ಟರೆ ಲೆಕ್ಕ ಒಕ್ಕೂಟಕ್ಕೆ ತಲುಪುವುದು ತಡವಾಗುತ್ತದೆ. ಅದರಿಂದ ನಿಮ್ಮ ಬಟವಾಡೆಯೂ ತಡವಾಗಬಹುದು. ದುರಸ್ತಿಗೆ ಬಂದವರು ಮೊದಲು ತಿಳಿಯಬೇಕಾದದ್ದು ಯಾವ ತಂತಿ ಯಾವ ಯಂತ್ರಕ್ಕೆ ಹೋಗಿದೆ ಎಂಬುದನ್ನು. ತಂತಿ ಹಿಡಿದು ಗೋಡೆ, ಮಾಡು ಹುಡುಕುತ್ತಾ ಹೋದರೆ ಅರ್ಧ ದಿನ ಕಳೆಯುತ್ತದೆ. ಯಂತ್ರಗಳೇ ಇದನ್ನು ತಿಳಿಸುವ ವ್ಯವಸ್ಥೆಯೊಂದಿದೆ.

ಪರಿಚಯ ಹೇಳಿಕೊಳ್ಳುವುದು ಹೇಗೆ?

ಸಿಸ್ಕೊ ಕಂಪೆನಿಯು 1994ರಲ್ಲಿ ತನ್ನ ಯಂತ್ರಗಳಿಗಾಗಿ ಸಿಡಿಪಿ ಎಂಬ ಕ್ರಮವನ್ನು ರೂಪಿಸಿತು. ಬೇರೆ ಬೇರೆ ಕಂಪೆನಿಗಳ ಯಂತ್ರಗಳೂ ಪರಸ್ಪರ ಅರಿಯಲೆಂದು 2005ರಲ್ಲಿ ಐಇಇಇ ಸಂಸ್ಥೆಯು ಎಲ್‌ಎಲ್‌ಡಿಪಿ ಎಂಬ ಸಾಮಾನ್ಯ ನಿಯಮವನ್ನು ಪ್ರಕಟಿಸಿತು.

ಈ ನಿಯಮ ಪಾಲಿಸುವ ಯಂತ್ರವು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತನ್ನ ಪ್ರತಿ ಪೋರ್ಟಿನಿಂದ ಒಂದು ಸಣ್ಣ ಸಂದೇಶ ಕಳುಹಿಸುತ್ತದೆ. ಅದರಲ್ಲಿ ಕಡ್ಡಾಯವಾಗಿ ಮೂರು ಅಂಶಗಳಿರುತ್ತವೆ: ಯಂತ್ರದ ಗುರುತು, ಪೋರ್ಟಿನ ಗುರುತು ಮತ್ತು ಈ ಮಾಹಿತಿಯ ಅವಧಿ. ನಿಮ್ಮ ರಾಸಿನ ಕಿವಿಯೋಲೆಯಲ್ಲಿರುವ 12 ಅಂಕಿಗಳಂತೆ ಯಂತ್ರದ ಗುರುತೂ ಒಂದಕ್ಕಿದ್ದದ್ದು ಇನ್ನೊಂದಕ್ಕಿರುವುದಿಲ್ಲ. ಇವುಗಳ ಜೊತೆಗೆ ಯಂತ್ರಕ್ಕೆ ಇಟ್ಟ ಹೆಸರು, ಅದರ ಮಾದರಿ, ಅದು ಮಾಡುವ ಕೆಲಸಗಳನ್ನೂ ಸೇರಿಸಬಹುದು.

ತಂತಿಯ ಆ ತುದಿಯ ಯಂತ್ರವು ಇದನ್ನು ಬರೆದಿಟ್ಟುಕೊಳ್ಳುತ್ತದೆ. ಉತ್ತರ ಕೊಡುವುದಿಲ್ಲ, ಮುಂದಿನವರಿಗೆ ದಾಟಿಸುವುದೂ ಇಲ್ಲ. ತನ್ನ ಸರದಿ ಬಂದಾಗ ತನ್ನ ಪರಿಚಯವನ್ನಷ್ಟೇ ಹೇಳುತ್ತದೆ.

ಅವಧಿ ಏಕೆ ಬೇಕು?

ಕಾಲುಬಾಯಿ ಜ್ವರದ ಲಸಿಕೆಯನ್ನು 6 ತಿಂಗಳಿಗೊಮ್ಮೆ ಹಾಕಿಸದಿದ್ದರೆ ಹಳೆಯ ಲಸಿಕೆಯನ್ನು ನಂಬುವಂತಿಲ್ಲ. ಇಲ್ಲಿಯೂ ಹಾಗೆಯೇ. ಅವಧಿ ಸಾಮಾನ್ಯವಾಗಿ 120 ಸೆಕೆಂಡು. ಅಷ್ಟರೊಳಗೆ ಹೊಸ ಸಂದೇಶ ಬಾರದಿದ್ದರೆ ನೆರೆಯ ಯಂತ್ರದ ಹೆಸರನ್ನು ಪಟ್ಟಿಯಿಂದ ಅಳಿಸಲಾಗುತ್ತದೆ. ಆದ್ದರಿಂದ ಎರಡು ನಿಮಿಷಕ್ಕಿಂತ ಹಳೆಯ ಸುದ್ದಿ ಪಟ್ಟಿಯಲ್ಲಿ ಉಳಿಯುವುದಿಲ್ಲ.

ಪ್ರತಿ ಯಂತ್ರಕ್ಕೂ ಗೊತ್ತಿರುವುದು ಪಕ್ಕದ ಯಂತ್ರ ಮಾತ್ರ. ಆದರೆ ಕಚೇರಿಯ ಮೇಲ್ವಿಚಾರಣಾ ಕಂಪ್ಯೂಟರ್ ಎಲ್ಲ ಯಂತ್ರಗಳ ಪಟ್ಟಿಯನ್ನು ಕೇಳಿ ಪಡೆದು ಒಟ್ಟುಗೂಡಿಸಿದರೆ ಇಡೀ ಜಾಲದ ನಕ್ಷೆ ಸಿದ್ಧವಾಗುತ್ತದೆ. ಯಾವ ನೆರೆ ಪಟ್ಟಿಯಿಂದ ಮರೆಯಾಗಿದೆಯೋ ಅಲ್ಲಿಂದ ದೋಷ ಹುಡುಕಲು ಆರಂಭಿಸಬಹುದು.

ಆಡಳಿತ ಮಂಡಳಿಯವರು ಗಮನಿಸಬೇಕಾದ ಅಂಶಗಳು

1. ಅಗ್ಗದ ಸ್ವಿಚ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಕೆಲವು ಯಂತ್ರಗಳಲ್ಲಿ ಇದ್ದರೂ ನಾವೇ ಚಾಲೂ ಮಾಡಬೇಕಾಗುತ್ತದೆ. ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ.

2. ಯಂತ್ರಕ್ಕೆ ಅರ್ಥವಾಗುವ ಹೆಸರಿಡಿಸಿ. "ಸ್ವಿಚ್ 1" ಎನ್ನುವುದಕ್ಕಿಂತ "ಶೀತಲ ಕೇಂದ್ರ, ಪ್ರಯೋಗಾಲಯ" ಎಂದಿದ್ದರೆ ಯಾರು ಬಂದರೂ ಜಾಗ ಸಿಗುತ್ತದೆ.

3. ಈ ಸಂದೇಶಕ್ಕೆ ಬೀಗವಿಲ್ಲ. ಬಂದ ಪರಿಚಯ ನಿಜವೋ ಸುಳ್ಳೋ ಎಂದು ಯಂತ್ರ ಪರೀಕ್ಷಿಸುವುದೂ ಇಲ್ಲ. ಹೊರಗಿನವರ ಕೈಗೆ ಸಿಗುವ ಪೋರ್ಟುಗಳಲ್ಲಿ ಇದನ್ನು ನಿಲ್ಲಿಸಲು ಹೇಳಿ. ಇಲ್ಲವಾದರೆ ನಮ್ಮ ಯಂತ್ರಗಳ ಹೆಸರು, ಮಾದರಿ ಪರರಿಗೂ ತಿಳಿಯುತ್ತವೆ.

4. ಹೊಸ ತಂತಿ ಎಳೆಸಿದ ದಿನವೇ ನಕ್ಷೆಯನ್ನು ಕಾಗದದ ಮೇಲೂ ಬರೆಸಿ ಕಾರ್ಯದರ್ಶಿಯವರ ಬಳಿ ಇಡಿ. ವಿದ್ಯುತ್ ಇಲ್ಲದಾಗ ಯಂತ್ರಗಳು ಮಾತನಾಡವು. ಆಗ ಆ ಕಾಗದವೇ ಆಧಾರ.

ನಿಮ್ಮ ಸಂಘದಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಇಷ್ಟೆಲ್ಲ ಅಗತ್ಯವಿಲ್ಲ. ಯಂತ್ರಗಳು ಹೆಚ್ಚಾದಾಗ ಮರೆಯದೆ ಕೇಳಿರಿ: "ಇವು ಒಂದನ್ನೊಂದು ಗುರುತಿಸುತ್ತವೆಯೇ?"