ಹೊರಗೋಡೆಯ ಬಣ್ಣ: ದೋಷಗಳು ಮತ್ತು ಕಾರಣಗಳು

ವಿದ್ಯಾಲಯವೇ ಆಗಲಿ, ಪ್ರಸಾದನಿಲಯವೇ ಆಗಲಿ, ಹೊರಗೋಡೆಯ ಬಣ್ಣವು ಕೇವಲ ಅಲಂಕಾರವಲ್ಲ. ಬಿಸಿಲು ಮಳೆಗಳಿಂದ ಕಟ್ಟಡವನ್ನು ಕಾಯುವ ಕವಚವದು. ಉತ್ಸವಕ್ಕೆಂದು ಬಳಿಸಿದ ಬಣ್ಣವು ಒಂದೇ ಮಳೆಗಾಲದಲ್ಲಿ ಕಳಚಿ ಬಿದ್ದರೆ ಜನರು ಬಣ್ಣವನ್ನೋ ಬಣ್ಣಗಾರನನ್ನೋ ಹಳಿಯುವುದುಂಟು. ಆದರೆ ವಿಚಾರಿಸಿ ನೋಡಿದಲ್ಲಿ ಬಹುಪಾಲು ದೋಷಗಳ ಮೂಲವು ಗೋಡೆಯೊಳಗಣ ನೀರೇ ಎಂಬುದು ವಿದಿತವಾಗುವುದು.

ಮೊದಲನೆಯದು ಉಪ್ಪೇಳುವಿಕೆ. ಇಟ್ಟಿಗೆ, ಮರಳು, ಸಿಮೆಂಟುಗಳಲ್ಲಿ ಕರಗುವ ಲವಣಗಳಿರುತ್ತವೆ. ತೇವವು ಅವನ್ನು ಹೊರಮೈಗೆ ಹೊತ್ತು ತರುತ್ತದೆ. ನೀರು ಆವಿಯಾಗಿ ಹೋದ ಮೇಲೆ ಲವಣವು ಬಿಳಿಯ ಹುಡಿಯಾಗಿ ಉಳಿದು ಬಣ್ಣವನ್ನು ಎಬ್ಬಿಸುತ್ತದೆ.

ಎರಡನೆಯದು ಬೊಬ್ಬೆ ಏಳುವುದು, ಚಕ್ಕೆ ಕಳಚುವುದು. ಸಿಮೆಂಟಿನ ಗಿಲಾವು ಬಲಿಯಲು ಸುಮಾರು 28 ದಿನಗಳು ಬೇಕು. ಅನಂತರ ಅದು ಚೆನ್ನಾಗಿ ಒಣಗಲೂ ಬೇಕು. ಅವಸರದಿಂದ ಬಣ್ಣ ಬಳಿದರೆ ಒಳಗೆ ಸಿಕ್ಕಿದ ತೇವವು ಬಿಸಿಲಿಗೆ ಆವಿಯಾಗಿ ಬಣ್ಣದ ಪೊರೆಯನ್ನು ಉಬ್ಬಿಸುತ್ತದೆ. ಹೊಸ ಗಿಲಾವಿನ ಕ್ಷಾರವು ಎಣ್ಣೆಬಣ್ಣವನ್ನು ಸಾಬೂನಿನಂತೆ ಮೆತ್ತಗಾಗಿಸಿ ಕೆಡಿಸುತ್ತದೆ. ಹಿರಿಯರು ಬಳಸುತ್ತಿದ್ದ ಸುಣ್ಣವು ತೇವವನ್ನು ಹೊರಬಿಡುತ್ತಿದ್ದುದರಿಂದ ಈ ತೊಂದರೆಯು ವಿರಳವಾಗಿತ್ತು.

ನೆರಳಿನ ಗೋಡೆಯಲ್ಲಿಯೂ ಸಜ್ಜಾದ ಅಡಿಯಲ್ಲಿಯೂ ಪಾಚಿ ಬೆಳೆಯುತ್ತದೆ. ಬ್ಲೀಚಿಂಗ್ ಪೌಡರಿನ ನೀರಿನಿಂದ ಅದನ್ನು ಕೊಂದು, ಉಜ್ಜಿ ತೊಳೆಯದೆ ಮೇಲೆ ಬಣ್ಣ ಬಳಿದರೆ ಮುಂದಿನ ಮಳೆಗೆ ಮತ್ತೆ ಕಪ್ಪಾಗುವುದು. ಎರೆಭೂಮಿಯ ಊರುಗಳಲ್ಲಿ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವುದರಿಂದ ಗೋಡೆ ಬಿರಿಯುತ್ತದೆ. ಆ ಬಿರುಕೇ ನೀರಿಗೆ ದಾರಿ.

ನೀರಿನಿಂದಲ್ಲದ ದೋಷವೂ ಒಂದುಂಟು. ಗೋಡೆಯನ್ನು ಮುಟ್ಟಿದರೆ ಅಂಗೈಗೆ ಹುಡಿ ಅಂಟುವುದು ಬಿಸಿಲಿಗೆ ಬಣ್ಣದ ಅಂಟು ಸತ್ತುದರ ಗುರುತು. ಸಿಮೆಂಟ್ ಬಣ್ಣದಲ್ಲಾದರೋ ವಿಷಯ ತಿರುವುಮುರುವು: ಗೋಡೆಯನ್ನು ಮೊದಲೇ ನೆನೆಸದೆ, ಬಳಿದ ಮೇಲೆ ನೀರುಣಿಸದೆ ಹೋದರೆ ಅದು ಬಲಿಯದೆ ಹುಡಿಯಾಗುವುದು.

ರೋಗದ ನಿದಾನವನ್ನರಿಯದೆ ಚಿಕಿತ್ಸೆಗೆ ತೊಡಗುವುದು ವ್ಯರ್ಥ. ಮೊದಲು ಮಾಳಿಗೆಯ ನೀರು ಸರಾಗವಾಗಿ ಇಳಿದುಹೋಗುವ ವ್ಯವಸ್ಥೆ, ಬಳಿಕ ಬಿರುಕು ಮುಚ್ಚುವುದು, ಬಳಿಕ ಗೋಡೆ ಒಣಗಲು ಕಾಲಾವಕಾಶ. ಕಡೆಯಲ್ಲಿ ಪ್ರೈಮರ್ ಹಾಗೂ ಬಣ್ಣ. ಇದೇ ಸರಿಯಾದ ಕ್ರಮ. ಕಣ್ಣಿಗೆ ಕಾಣುವ ಬಣ್ಣಕ್ಕೆ ದಾನವೀಯುವವರು ಹಲವರು. ಕಾಣದ ಕೊಳವೆಗೆ, ಬಿರುಕಿನ ದುರಸ್ತಿಗೆ ಕೊಡುವವರು ವಿರಳ. ಆದರೆ ಭಕ್ತರ ಬೆವರಿನ ಹಣವು ಗೋಡೆಯ ಮೇಲೆ ಬಹುಕಾಲ ನಿಲ್ಲಬೇಕಾದರೆ ಆ ಕಾಣದ ಕಾರ್ಯವೇ ಮೊದಲು ನಡೆಯಬೇಕು.