ಕಲ್ಲಿದ್ದಲಿನವರು ಕೂಡುವ ಮನೆ

‘ನಮ್ಗೂ ಕಲ್ಲಿದ್ಲಿಗೂ ಎಂತ ಸಂಬಂಧ ಮಾರಾಯ್ರೆ?’ ಕುಂದಾಪುರದಲ್ಲಿ ಕಲ್ಲಿದ್ದಲಿನ ವಿಷಯ ಎತ್ತಿದಾಗ ಹಿರಿಯರೊಬ್ಬರು ಕೇಳಿದ ಮಾತಿದು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲಿ ಅಗೆದರೂ ಸಿಗುವುದು ಮುರಕಲ್ಲು. ಉಳಿದ ಊರುಗಳಿಗೆ ಕಲ್ಲಿದ್ದಲಿನ ಪರಿಚಯ ಮಾಡಿಸಿದ್ದು ಹೊಗೆಬಂಡಿ. ನಮ್ಮಲ್ಲಿಗೆ ಕೊಂಕಣ ರೈಲು ಬರುವ ಹೊತ್ತಿಗೆ ಆ ಕಾಲವೇ ಮುಗಿದಿತ್ತು, ಬಂದದ್ದು ಡೀಸೆಲ್ ಎಂಜಿನ್. ಇಲ್ಲಿನ ಆಚಾರಿಯ ಕುಲುಮೆಯಲ್ಲಿ ಕೆಂಪಗೆ ಉರಿಯುತ್ತಿದ್ದುದೂ ಮರದ ಇಲ್ಲವೇ ಗೆರಟೆಯ ಮಸಿ.

ಆದರೂ ಸಂಬಂಧ ಇದೆ. ಪಣಂಬೂರಿನ ಬಂದರಿನಲ್ಲಿ ಹಡಗಿನಿಂದ ಇಳಿಯುವ ಕಲ್ಲಿದ್ದಲು ರೈಲು ಹತ್ತಿ ನಮ್ಮ ಜಿಲ್ಲೆಗೇ ಬರುತ್ತದೆ. ಪಡುಬಿದ್ರಿ ಸಮೀಪದ ಎಲ್ಲೂರಿನ ವಿದ್ಯುತ್ ಸ್ಥಾವರದಲ್ಲಿ ತಲಾ 600 ಮೆಗಾವಾಟ್‌ನ ಎರಡು ಘಟಕಗಳಿವೆ. ಒಂದು 2010ರಲ್ಲಿ, ಇನ್ನೊಂದು 2012ರಲ್ಲಿ ಕೆಲಸ ಶುರುಮಾಡಿತು. ರಾಯಚೂರಿನ ಸ್ಥಾವರವಂತೂ 1985ರಿಂದ ತೆಲಂಗಾಣದ ಸಿಂಗರೇಣಿ ಮುಂತಾದ ಕಡೆಯ ಕಲ್ಲಿದ್ದಲು ಉರಿಸುತ್ತಿದೆ. ನಾವು ಸ್ವಿಚ್ ಒತ್ತುವ ಹೊತ್ತಿಗೆ ಯಾವುದೋ ಊರಿನ ನೆಲದಡಿ ಯಾರೋ ಟೋಪಿಗೆ ದೀಪ ಸಿಕ್ಕಿಸಿಕೊಂಡು ಪಾಳಿಗೆ ಇಳಿಯುತ್ತಿರುತ್ತಾರೆ. ಅವರಿಗೆ ಕೆಲಸ ಹೇಳುವ, ಅವರ ಜೀವಕ್ಕೆ ಹೊಣೆಯಾಗುವ ಎಂಜಿನಿಯರುಗಳು ಮತ್ತು ಭೂವಿಜ್ಞಾನಿಗಳು ಒಂದೆಡೆ ಕೂತು ಮಾತಾಡುವುದಕ್ಕೆ ನೂರು ವರ್ಷ ದಾಟಿದ ಒಂದು ಮನೆ ಕಲ್ಕತ್ತದಲ್ಲಿದೆ. ಅದರ ಹೆಸರು ಮೈನಿಂಗ್, ಜಿಯಾಲಾಜಿಕಲ್ ಅಂಡ್ ಮೆಟಲರ್ಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. ಗಣಿಯವರ ಬಾಯಲ್ಲಿ ಎಂಜಿಎಂಐ.

ಬಂಗಾಳದ ರಾಣಿಗಂಜ್‌ನಲ್ಲಿ ಕಲ್ಲಿದ್ದಲು ತೆಗೆಯಲು ತೊಡಗಿದ್ದು 1774ರಲ್ಲಿ. ಮುಂದೆ ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥ ಠಾಕೂರರು ಪಾಲುದಾರರಾಗಿದ್ದ ಕಾರ್, ಠಾಕೂರ್ ಕಂಪನಿ ಅಲ್ಲಿನ ಗಣಿ ಕೊಂಡಿತು. 1855ರಲ್ಲಿ ರೈಲು ರಾಣಿಗಂಜ್ ಮುಟ್ಟಿದ ಮೇಲೆ ವ್ಯವಹಾರ ಬೆಳೆಯಿತು, ಸಾವೂ ಬೆಳೆಯಿತು. ಗಣಿ ಕಾಯಿದೆ ಬಂದಿದ್ದು 1901ರಲ್ಲಿ. ಮರುವರ್ಷ ಗಣಿ ತಪಾಸಣೆಯ ಸರಕಾರಿ ಕಚೇರಿಯೂ ಬಂತು. ಆದರೆ ತನ್ನ ಗಣಿಯಲ್ಲಿ ಕಂಡದ್ದನ್ನು ಪಕ್ಕದ ಗಣಿಯವನಿಗೆ ಹೇಳುವ ರೂಢಿಯನ್ನು ಕಾಯಿದೆಯೊಂದೇ ತರಲಾರದು. ಒಡೆಯರು ಬೇರೆ ಬೇರೆ, ಕೊಳ್ಳುವ ಗಿರಾಕಿಗಳಿಗಾಗಿ ಪೈಪೋಟಿ ಬೇರೆ. ಅಂಥ ಹೊತ್ತಿನಲ್ಲಿ, 1906ರ ಜನವರಿ 16ರಂದು, ಈ ಸಂಸ್ಥೆ ಹುಟ್ಟಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಆಗಿನ ನಿರ್ದೇಶಕ ಥಾಮಸ್ ಹಾಲೆಂಡ್ ಮೊದಲ ಅಧ್ಯಕ್ಷರಾದರು.

ಹಾಲೆಂಡ್ ಬಗ್ಗೆ ಒಂದು ಮಾತು ಹೇಳಬೇಕು. ಕಲ್ಕತ್ತ ಪಟ್ಟಣದ ಜತೆ ಹೆಸರು ಬೆಸೆದುಕೊಂಡ ಜಾಬ್ ಚಾರ್ನಾಕ್‌ನ ಗೋರಿಗೆ ಹಾಸಿದ ಕಲ್ಲು ಮದ್ರಾಸಿನ ಕಡೆಯದೆಂದು ಗುರುತಿಸಿ, ಆ ಜಾತಿಯ ಶಿಲೆಗೆ ಚಾರ್ನೊಕೈಟ್ ಎಂದು ಹೆಸರಿಟ್ಟವರು ಅವರೇ. ನಮ್ಮ ಬಿಳಿಗಿರಿರಂಗನ ಬೆಟ್ಟ ಅದೇ ಜಾತಿಯ ಕಲ್ಲಿನದು. ಗೋರಿಯ ಹಾಸುಗಲ್ಲನ್ನೂ ಬಿಡದೆ ನೋಡುವ ಕಣ್ಣಿದ್ದವರು ಕಟ್ಟಿದ ಸಂಸ್ಥೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಅಲ್ಲಿ ನಡೆಯುವುದೇನು? ಒಬ್ಬರು ತಮ್ಮ ಗಣಿಯಲ್ಲಿ ಮಾಡಿದ ಕೆಲಸ ಕುರಿತು ಪ್ರಬಂಧ ಓದುತ್ತಾರೆ. ಉಳಿದವರು ಪ್ರಶ್ನೆ ಕೇಳುತ್ತಾರೆ, ಒಪ್ಪುತ್ತಾರೆ, ತಕರಾರು ತೆಗೆಯುತ್ತಾರೆ. ಬರಹಗಳು ‘ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಹಾಲೆಂಡ್ ಹೆಸರಿನಲ್ಲಿ ಉಪನ್ಯಾಸ ನಡೆಯುತ್ತದೆ. ಕಲ್ಲಿದ್ದಲು ಸೀಮೆಯ ಪಟ್ಟಣಗಳಲ್ಲಿ ಶಾಖೆಗಳಿವೆ. ನೂರು ವರ್ಷ ತುಂಬಿದ 2006ರಲ್ಲಿ ಏಷ್ಯನ್ ಮೈನಿಂಗ್ ಕಾಂಗ್ರೆಸ್ ಎಂಬ ಸಮಾವೇಶವನ್ನೂ ಶುರುಮಾಡಿದರು. ಚಹಾ ಹೊತ್ತಿನಲ್ಲಿ ಕೆಲಸದ ವಿಚಾರ, ವರ್ಗಾವಣೆಯ ವಿಚಾರ, ಯಂತ್ರ ಮಾರುವವರ ಪರಿಚಯ ಎಲ್ಲ ಇದ್ದದ್ದೇ. ಕಸುಬಿನವರು ಸೇರಿದಲ್ಲಿ ಅದು ಸಹಜ.

ಆದರೆ ಅಂಥ ಮಾತುಕತೆಯ ತೂಕ ತಿಳಿಯಬೇಕಾದರೆ ಒಮ್ಮೆ ಗಣಿಯೊಳಗೆ ಹೋಗಬೇಕು. ನೆಲದಡಿಯ ಗಣಿಯಲ್ಲಿ ಪಾಳಿಯ ಉಸ್ತುವಾರಿ ನೋಡುವವನನ್ನು ಸರದಾರ್ ಎನ್ನುತ್ತಾರೆ. ಕೆಲಸಗಾರರನ್ನು ಒಳಗೆ ಬಿಡುವ ಮೊದಲು ಅವನು ಕೋಲಿನಿಂದ ತಲೆಯ ಮೇಲಿನ ಮಾಡನ್ನು ಬಡಿಯುತ್ತ ಹೋಗುತ್ತಾನೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಅಂಗೈ ಬಂಡೆಯ ಮೇಲೆ. ಠಣ್ ಎಂದರೆ ಬಂಡೆ ಗಟ್ಟಿ. ಬದಬದ ಎಂಬ ಟೊಳ್ಳು ಸದ್ದು ಬಂದರೆ, ಅಂಗೈಗೆ ಸಣ್ಣ ನಡುಕ ತಾಗಿದರೆ, ಆ ಪದರ ಮೇಲಿನಿಂದ ಬಿಟ್ಟುಕೊಂಡಿದೆ ಎಂದರ್ಥ. ನಮ್ಮಲ್ಲಿ ಹಲಸಿನ ಕಾಯಿ ಬಡಿದು ಹಣ್ಣಾಗಿದೆಯೋ ಇಲ್ಲವೋ ಹೇಳುವ ಅಜ್ಜಿಯರಿದ್ದಾರಲ್ಲ, ಅದೇ ಕಿವಿ. ಅಜ್ಜಿಯ ಅಂದಾಜು ತಪ್ಪಿದರೆ ಹಲಸು ಹಾಳು. ಸರದಾರನದು ತಪ್ಪಿದರೆ ಕೆಳಗೆ ನಿಂತವರ ಮೇಲೆ ಮಾಡು ಕುಸಿಯುತ್ತದೆ. ಒಬ್ಬ ಸರದಾರನ ಕಿವಿಯಲ್ಲಿ ಇರುವ ಈ ತಿಳಿವಳಿಕೆ ಇನ್ನೂರು ಮೈಲಿ ಆಚೆಯ ಗಣಿಗೆ ತಲುಪಬೇಕಾದರೆ ಯಾರಾದರೂ ಅದನ್ನು ಬರೆಯಬೇಕು, ಯಾರಾದರೂ ಓದಬೇಕು, ಇಬ್ಬರೂ ಒಮ್ಮೆಯಾದರೂ ಎದುರುಬದುರು ಕೂರಬೇಕು.

1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಾಸ್‌ನಾಲಾ ಗಣಿಗೆ ಒಮ್ಮೆಗೇ ನೀರು ನುಗ್ಗಿ ಸುಮಾರು 375 ಮಂದಿ ಸತ್ತರು. ಹದಿನಾಲ್ಕು ವರ್ಷಗಳ ಬಳಿಕ, 1989ರ ನವೆಂಬರಿನಲ್ಲಿ, ರಾಣಿಗಂಜ್‌ನ ಮಹಾಬೀರ್ ಗಣಿಗೂ ಹಾಗೆಯೇ ನೀರು ನುಗ್ಗಿತು. ಆರು ಮಂದಿ ತೀರಿಕೊಂಡರು, 65 ಮಂದಿ ಒಳಗೆ ಸಿಕ್ಕಿಬಿದ್ದರು. ಜಸ್ವಂತ್ ಸಿಂಗ್ ಗಿಲ್ ಎಂಬ ಎಂಜಿನಿಯರ್ ಮೇಲಿನಿಂದ ನೆಲ ಕೊರೆಸಿ, ಒಬ್ಬ ಮನುಷ್ಯ ನಿಲ್ಲುವಷ್ಟೇ ಅಗಲದ ಉಕ್ಕಿನ ಕೊಳವೆ ಮಾಡಿಸಿ, ಅದರಲ್ಲಿ ತಾವೇ ಕೆಳಗಿಳಿದರು. ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಮೇಲೆ ಕಳಿಸಿದರು. ಗಿಲ್ ಅವರ ಎದೆಗಾರಿಕೆ ಅವರದೇ. ಆದರೆ ಎಲ್ಲಿ ಕೊರೆಯಬೇಕು, ಯಾವ ಅಗಲಕ್ಕೆ, ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಏರುತ್ತದೆ ಎಂಬುದೆಲ್ಲ ಒಬ್ಬರ ತಲೆಯಲ್ಲಿ ಇರುವ ವಿದ್ಯೆಯಲ್ಲ. ಅಂಥ ದಿನ ಫೋನಿನ ಆ ತುದಿಯಲ್ಲಿರುವ ಮನುಷ್ಯನ ಮುಖ ಪರಿಚಯ ಇದ್ದರೆ ಮಾತು ಬೇಗ ಮುಗಿದು ಕೆಲಸ ಬೇಗ ಹಿಡಿಯುತ್ತದೆ.

ಒಂದೇ ಕಸುಬಿನವರು ಹೀಗೆ ಒಂದೆಡೆ ಕೂಡುವುದು ನಮಗೆ ಹೊಸತೂ ಅಲ್ಲ. ಕುಂದಾಪುರದ ಪಕ್ಕದ ಬಸರೂರು ಒಂದು ಕಾಲಕ್ಕೆ ಅಕ್ಕಿ ತುಂಬಿದ ಹಡಗುಗಳನ್ನು ಕಡಲಾಚೆ ಕಳಿಸುತ್ತಿದ್ದ ಪಟ್ಟಣ. ಅಲ್ಲಿನ ಶಾಸನಗಳಲ್ಲಿ ಮೂಡುಕೇರಿಯವರು, ಪಡುವಕೇರಿಯವರು, ಸೆಟ್ಟಿಕಾರರು ಮತ್ತು ಹಲರು ಎಂಬ ವರ್ತಕ ಕೂಟದವರು ಬರುತ್ತಾರೆ. ಬ್ರಹ್ಮಾವರ ತಾಲ್ಲೂಕಿನ ಬಾರಕೂರಿನಲ್ಲಿಯೂ ಕೇರಿಗೊಂದು ಹಲರ ಕೂಟ ಇತ್ತು. ಕಡಲಾಚೆಯಿಂದ ಬಂದ ವ್ಯಾಪಾರಿಗಳ ಸಂಘಕ್ಕೆ ಕರಾವಳಿಯ ಶಾಸನಗಳು ಹಂಜಮಾನ ಎನ್ನುತ್ತವೆ. ಪೈಪೋಟಿ ಇದ್ದವರೇ ಒಂದೆಡೆ ಕೂತು ದತ್ತಿ, ಸುಂಕ, ತಂಟೆಗಳನ್ನು ತೀರ್ಮಾನಿಸುತ್ತಿದ್ದರು. ಬಸರೂರಿನ ಮೂಡುಕೇರಿಯವನಿಗೆ ಕಲ್ಕತ್ತದ ಈ ಕೂಟವನ್ನು ತೋರಿಸಿದ್ದರೆ ಬಹುಶಃ ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಕಲ್ಲಿದ್ದಲೇ ಇಲ್ಲದ ಕರ್ನಾಟಕ ಈ ಲೋಕಕ್ಕೆ ಕೊಟ್ಟದ್ದು ತಿಳಿವಳಿಕೆ. ಕೋಲಾರದ ಚಿನ್ನದ ಗಣಿಯಲ್ಲಿ ಆಳಕ್ಕೆ ಹೋದಂತೆ ಬಂಡೆ ಸಿಡಿಯುವ ಅಪಾಯವಿತ್ತು. ಅದನ್ನು ಎದುರಿಸುತ್ತ ಬೆಳೆದ ಅನುಭವದ ನೆಲದಲ್ಲೇ, ಕೆಜಿಎಫ್‌ನಲ್ಲಿ, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಆರಂಭವಾಯಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಈ ಸಂಸ್ಥೆಯ ಕೆಲಸ ಕಲ್ಲಿದ್ದಲು ಗಣಿಗಳಿಗೂ ಹಬ್ಬಿತು. ನಮ್ಮ ಮನೆಯಂಗಳದಲ್ಲೇ ಎನ್ನುವಷ್ಟು ಹತ್ತಿರ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ, ಗಣಿ ಎಂಜಿನಿಯರಿಂಗ್ ವಿಭಾಗವೇ ಇದೆ. ಅಲ್ಲಿ ಕಲಿತು ಸಿಂಗರೇಣಿಗೋ ಝಾರ್ಖಂಡಕ್ಕೋ ಹೋಗುವ ಹುಡುಗನಿಗೆ ಭಾಷೆ ಹೊಸತು, ಊಟ ಹೊಸತು, ಕತ್ತಲೆಯೂ ಹೊಸತು. ತನಗಿಂತ ಮೂವತ್ತು ವರ್ಷ ಮೊದಲೇ ಇಳಿದವರು ಎದುರು ಕೂತು ಮಾತಾಡುವ ಒಂದು ಜಾಗ ಅವನಿಗೆ ಬೇಕೇ ಬೇಕು.

ಇಂಥ ಕೂಟದ ಮುಂದೆ ಕರಾವಳಿಯವನಾಗಿ ನಾನು ಇಡಬೇಕಾದ ಮಾತೂ ಒಂದಿದೆ. ಎಲ್ಲೂರಿನ ಸುತ್ತಿನ ಜನ ಬೂದಿಯ ಬಗ್ಗೆ, ಬಾವಿಗೆ ಉಪ್ಪುನೀರು ಬಂದದ್ದರ ಬಗ್ಗೆ ವರ್ಷಗಟ್ಟಲೆ ದೂರು ಹೇಳಿದರು. ಪರಿಸರಕ್ಕಾದ ಹಾನಿಗಾಗಿ ಸ್ಥಾವರ ಸುಮಾರು 52 ಕೋಟಿ ರೂಪಾಯಿ ಕಟ್ಟಬೇಕೆಂದು 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. ಮಾಡು ಕುಸಿಯುವುದನ್ನು ಕುರಿತು ಪ್ರಬಂಧ ಬರೆದವರು ಮಲ್ಲಿಗೆ ಗಿಡದ ಎಲೆಯ ಮೇಲೆ ಕೂತ ಬೂದಿಯನ್ನು ಕುರಿತೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು. ಅದನ್ನು ಚರ್ಚಿಸುವ ದಿನ ಎಲ್ಲೂರಿನ ಒಬ್ಬ ಕೃಷಿಕನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಬೇಕು.