ಒಂದು ರಾತ್ರಿಯಲ್ಲಿ ಮೂರು ಕಿಲೋ

ಕೋಟೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಶಿವಮೊಗ್ಗದಲ್ಲಿ ಕುಸ್ತಿ ಕಣವೂ ಸಜ್ಜಾಗುತ್ತದೆ. ಭದ್ರಾವತಿಯ ಕನಕ ಮಂಟಪ ಮೈದಾನದಲ್ಲಿ ಕಬಡ್ಡಿ ನಡೆದರೆ ಸುತ್ತಲಿನ ಹಳ್ಳಿಗಳ ಜನರೂ ಬಂದು ಸೇರುತ್ತಾರೆ. ಜಾತ್ರೆಯ ಕಣದಲ್ಲಿ ಹಿರಿಯ ಪೈಲ್ವಾನರು ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಾರೆ. ಮ್ಯಾಟ್ ಕುಸ್ತಿ, ಜೂಡೋ, ಬಾಕ್ಸಿಂಗ್, ಟೇಕ್ವಾಂಡೋಗಳಲ್ಲಿ ಮಾತ್ರ ಜೋಡಿಯನ್ನು ತೂಕದ ಯಂತ್ರ ನಿರ್ಧರಿಸುತ್ತದೆ. ಕಿರಿಯರ ಕಬಡ್ಡಿಗೂ ವಯಸ್ಸಿನ ಜೊತೆಗೆ ತೂಕದ ಮಿತಿಯಿದೆ. ಸಮಬಲರ ನಡುವೆ ಪೈಪೋಟಿ ಇರಲಿ ಎಂದು ಮಾಡಿದ ನಿಯಮವಿದು. ಆದರೆ ಕೆಳಗಿನ ವಿಭಾಗಕ್ಕೆ ಇಳಿದರೆ ಗೆಲುವು ಸುಲಭ ಎಂಬ ಆಸೆಯೂ ಇದರೊಂದಿಗೇ ಹುಟ್ಟಿತು. ಹಾಗೆ ಇಳಿಯಲು ಅನುಸರಿಸುವ ದಾರಿಗಳು ಪ್ರಾಣ ತೆಗೆದದ್ದಕ್ಕೆ ದಾಖಲೆಯಿದೆ.

1997ರ ನವೆಂಬರ್ 7ರಿಂದ ಡಿಸೆಂಬರ್ 9ರೊಳಗೆ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ಅವರ ವಯಸ್ಸು 19, 22 ಮತ್ತು 21. ಮೂವರೂ ಊಟ, ನೀರು ಕಡಿಮೆ ಮಾಡಿ, ಬೆವರು ಆರಲು ಬಿಡದ ಉಡುಪು ತೊಟ್ಟು, ಸೆಕೆಯ ಜಾಗದಲ್ಲಿ ಕಸರತ್ತು ನಡೆಸಿದ್ದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1998ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲೊಬ್ಬ ಕಸರತ್ತು ಮಾಡುತ್ತಿದ್ದ ಕೋಣೆಯನ್ನು 33 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಲಾಗಿತ್ತು. ಶಿವಮೊಗ್ಗ, ಭದ್ರಾವತಿಗಳಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಅಷ್ಟು ಸೆಕೆಗೆ ಹೀಟರ್ ಬೇಕಾಗುವುದಿಲ್ಲ. ರೇನ್‌ಕೋಟ್ ತೊಟ್ಟು ಓಡಿದರೆ ಸಾಕು.

ಹೀಗೆ ಇಳಿಯುವುದು ಕೊಬ್ಬಲ್ಲ, ನೀರು. ಒಂದೆರಡು ದಿನದಲ್ಲಿ ಕೊಬ್ಬು ಕರಗುವುದು ಅತ್ಯಲ್ಪ. ಬೆವರು ಹರಿದಂತೆ ರಕ್ತದ ದ್ರವಭಾಗ ಕುಗ್ಗುತ್ತದೆ. ಕಡಿಮೆ ರಕ್ತವನ್ನೇ ಎಲ್ಲ ಕಡೆಗೂ ತಲುಪಿಸಲು ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ. ಚರ್ಮಕ್ಕೆ ಹೋಗುವ ರಕ್ತ ತಗ್ಗಿ, ಒಳಗಿನ ಶಾಖ ಹೊರಹೋಗದೆ ಉಳಿಯುತ್ತದೆ. ದೇಹದ ತಾಪ 40 ಡಿಗ್ರಿ ದಾಟಿ ಪ್ರಜ್ಞೆ ಏರುಪೇರಾಯಿತೆಂದರೆ ಅದು ಉಷ್ಣಾಘಾತ. ಸ್ನಾಯುಗಳು ಶಿಥಿಲವಾಗಿ ಅವುಗಳ ಒಳದ್ರವ್ಯ ರಕ್ತಕ್ಕೆ ಸೋರಿದರೆ ಮೂತ್ರಪಿಂಡ ಕೈಕೊಡಬಹುದು. ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

‘ತೂಕ ಕೊಟ್ಟ ಮೇಲೆ ನೀರು ಕುಡಿದರಾಯಿತು’ ಎಂಬ ಮಾತಿದೆ. ಲೆಕ್ಕ ಹಾಕಿ ನೋಡೋಣ. 60 ಕಿಲೋ ಹುಡುಗ ಶೇಕಡ 5ರಷ್ಟು ಇಳಿದರೆ 3 ಕಿಲೋ ಆಯಿತು. ಅದು ಹೆಚ್ಚುಕಡಿಮೆ 3 ಲೀಟರ್ ನೀರು. ಕುಡಿದದ್ದರಲ್ಲಿ ಒಂದಷ್ಟು ಮೂತ್ರವಾಗಿ ಹೋಗುವುದರಿಂದ, ನಷ್ಟದ ಒಂದೂವರೆ ಪಟ್ಟು, ಅಂದರೆ ಸುಮಾರು 4.5 ಲೀಟರ್ ಬೇಕು, ಜೊತೆಗೆ ಉಪ್ಪೂ ಬೇಕು. ಕರುಳು ಗಂಟೆಗೆ ಹೀರಿಕೊಳ್ಳುವುದು ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ತೂಕ ಕೊಟ್ಟು ಎರಡು ಗಂಟೆಯಲ್ಲಿ ಕಣಕ್ಕಿಳಿಯುವವನು ಅರೆಬರೆ ಒಣಗಿದ ಮೈಯಲ್ಲೇ ಸೆಣಸುತ್ತಾನೆ. ಹಾಗೆ ಒಣಗಿದಾಗ ತಲೆಗೆ ಬಿದ್ದ ಪೆಟ್ಟು ಹೆಚ್ಚು ಹಾನಿ ಮಾಡಬಹುದೆಂದು ಸಂಶೋಧಕರು ಶಂಕಿಸಿದ್ದಾರೆ; ಇದಿನ್ನೂ ಸಾಬೀತಾಗಿಲ್ಲ. ಉಳಿದದ್ದಕ್ಕೆಲ್ಲ ಪುರಾವೆಯಿದೆ.

ಹೆಚ್ಚು ಆತಂಕ ಮಕ್ಕಳದು. ಬ್ರೆಜಿಲ್‌ನಲ್ಲಿ 822 ಜೂಡೋಪಟುಗಳನ್ನು ವಿಚಾರಿಸಿದಾಗ ಶೇ 86 ಮಂದಿ ಸ್ಪರ್ಧೆಗಾಗಿ ತೂಕ ಇಳಿಸಿದ್ದುಂಟು ಎಂದರು. ಅದನ್ನು ಶುರು ಮಾಡಿದಾಗ ಅವರ ಸರಾಸರಿ ವಯಸ್ಸು 13 ಕೂಡ ಆಗಿರಲಿಲ್ಲ. ಪ್ರೌಢಶಾಲಾ ಕುಸ್ತಿಪಟುಗಳ ಮೇಲೆ ಅಮೆರಿಕದಲ್ಲಿ ನಡೆದ, 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಪರ್ಧೆಗಳ ಋತುವಿನುದ್ದಕ್ಕೂ ಟೆಸ್ಟೋಸ್ಟಿರಾನ್ ಇಳಿದಿತ್ತು, ಬೆಳವಣಿಗೆಯ ಹಾರ್ಮೋನಿಗೆ ದೇಹ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಋತು ಮುಗಿದ ಮೇಲೆ ಅದು ಸರಿಹೋಯಿತು. ಆದರೆ ವರ್ಷವಿಡೀ ಒಂದಲ್ಲ ಒಂದು ಪಂದ್ಯಾವಳಿಯಲ್ಲಿ ಆಡುವ ಹುಡುಗನಿಗೆ ಆ ಬಿಡುವು ಎಲ್ಲಿಂದ ಬರಬೇಕು?

ಅಡ್ಡದಾರಿಗಳು ಇನ್ನೂ ಕೆಟ್ಟವು. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್‌ನಂತಹ ಮಾತ್ರೆ ನೀರಿನ ಜೊತೆ ಪೊಟ್ಯಾಸಿಯಮನ್ನೂ ಹೊರಹಾಕುತ್ತದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ಇದು ಸದಾಕಾಲ ನಿಷಿದ್ಧ. ಆಸ್ಪತ್ರೆಯ ಚಿಕಿತ್ಸೆಯಂತಹ ಕಾರಣವಿಲ್ಲದೆ 12 ಗಂಟೆಯೊಳಗೆ 100 ಮಿಲಿಲೀಟರಿಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಳ್ಳುವುದೂ ಅದೇ ಪಟ್ಟಿಯಲ್ಲಿದೆ. ಸುಸ್ತಿಗೆಂದು ಗ್ಲೂಕೋಸ್ ಬಾಟಲಿ ಏರಿಸಿಕೊಂಡ ಪೈಲ್ವಾನ ಸಿಕ್ಕಿಬಿದ್ದರೆ ನಿಷೇಧಕ್ಕೆ ಒಳಗಾಗಬಹುದು.

2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಒಲಿಂಪಿಕ್ಸ್‌ನ 50 ಕಿಲೋ ವಿಭಾಗದ ಫೈನಲ್ ದಿನ 100 ಗ್ರಾಂ ಹೆಚ್ಚಾಗಿ ಅನರ್ಹಗೊಂಡರು. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ಸಾಕಾಗಲಿಲ್ಲ. ಅದೇ ಕೂಟದಲ್ಲಿ ಅಮನ್ ಸೆಹ್ರಾವತ್ ಸುಮಾರು 10 ಗಂಟೆಯಲ್ಲಿ 4.6 ಕಿಲೋ ಇಳಿಸಿ ಕಂಚು ಗೆದ್ದರು. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1.7 ಕಿಲೋ ಹೆಚ್ಚಾಗಿ ಅವರಿಗೆ ಸ್ಪರ್ಧೆಗೇ ಇಳಿಯಲಾಗಲಿಲ್ಲ. ವೈದ್ಯರು, ಆಹಾರ ತಜ್ಞರು ಸುತ್ತ ನಿಂತಿದ್ದ ಒಲಿಂಪಿಕ್ ಶಿಬಿರದ ಕಥೆಯೇ ಇದು. ಅವರ ಸಾಹಸವನ್ನು ಮೊಬೈಲಿನಲ್ಲಿ ನೋಡಿ ಅನುಕರಿಸುವ ಹೈಸ್ಕೂಲು ಹುಡುಗನ ಪಕ್ಕದಲ್ಲಿ ಯಾರಿರುತ್ತಾರೆ?

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದು ಮೈಸೂರಿನ 23ರ ಯುವಕ ತೀರಿಕೊಂಡ. ಅಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು, ಪ್ರಕರಣ ದಾಖಲಾಯಿತು. ಅದನ್ನು ತೂಕ ಇಳಿಕೆಯ ಸಾವೆಂದು ಹೇಳಲಾಗದು. ಆದರೆ ಸಿದ್ಧತೆಯ ಮಾತು ಸಾವಿನ ನಂತರವೇ ಏಳುವ ನಮ್ಮ ರೂಢಿಗೆ ಅದೊಂದು ಸಾಕ್ಷಿ.

ತಡೆಯುವ ದಾರಿ ಗೊತ್ತಿಲ್ಲದ್ದೇನಲ್ಲ. 1997ರ ಸಾವುಗಳ ಬೆನ್ನಿಗೇ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಸೌನಾ ಎಂಬ ಬಿಸಿಕೋಣೆ ಮತ್ತು ರಬ್ಬರ್ ಸೂಟುಗಳನ್ನು ನಿಷೇಧಿಸಿತು, ತೂಕ ನೋಡುವ ಹೊತ್ತನ್ನು ಪಂದ್ಯದ ಹತ್ತಿರಕ್ಕೆ ತಂದಿತು. ಋತುವಿನ ಆರಂಭದಲ್ಲೇ ಮೂತ್ರದ ಸಾಂದ್ರತೆ ಮತ್ತು ಮೈಯ ಕೊಬ್ಬು ಅಳೆದು ಪ್ರತಿಯೊಬ್ಬರ ಕನಿಷ್ಠ ತೂಕ ಗೊತ್ತುಮಾಡಿತು, ವಾರಕ್ಕೆ ಶೇ 1.5ಕ್ಕಿಂತ ಹೆಚ್ಚು ಇಳಿಯಕೂಡದೆಂದಿತು. ವಿಪರೀತ ಇಳಿಕೆ ಕಡಿಮೆಯಾದದ್ದನ್ನು ಮುಂದಿನ ಅಧ್ಯಯನಗಳು ತೋರಿಸಿದವು.

ಇದಕ್ಕೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಖರ್ಚಿಲ್ಲ. ಶಾಲಾ ಕ್ರೀಡಾಕೂಟ ನಡೆಸುವವರು ತಿಂಗಳ ಮೊದಲೇ ಮಕ್ಕಳ ತೂಕ ಬರೆದಿಟ್ಟು, ಸ್ಪರ್ಧೆಯ ದಿನದ ತೂಕದೊಡನೆ ಹೋಲಿಸಲಿ. ತೀರ ಇಳಿದವರನ್ನು ಮೇಲಿನ ವಿಭಾಗದಲ್ಲಿ ಆಡಿಸಲಿ. ಪಂದ್ಯಾವಳಿಯಲ್ಲಿ ಮಂಜುಗಡ್ಡೆ, ಓಆರ್‌ಎಸ್, ಆಂಬುಲೆನ್ಸ್ ಇರಲಿ. ಉಷ್ಣಾಘಾತವಾದವರನ್ನು ಮೊದಲು ತಣ್ಣೀರಿನಲ್ಲಿ ತಂಪು ಮಾಡಿ, ನಂತರ ಮೆಗ್ಗಾನ್ ಆಸ್ಪತ್ರೆಗೆ ಒಯ್ಯಬೇಕೆಂಬುದು ಪ್ರತಿ ಕೋಚ್‌ಗೂ ಗೊತ್ತಿರಲಿ. ಅಪ್ಪ ಅಮ್ಮಂದಿರು ಗಮನಿಸಬೇಕಾದದ್ದು ಇಷ್ಟು: ಪಂದ್ಯದ ಹಿಂದಿನ ದಿನ ಮಗ ನೀರು ಬಿಟ್ಟಿದ್ದಾನೆಯೇ, ಬಿಸಿಲಿನಲ್ಲಿ ರೇನ್‌ಕೋಟ್ ತೊಟ್ಟು ಓಡುತ್ತಿದ್ದಾನೆಯೇ? ಹೌದಾದರೆ ಅವನನ್ನು ಆ ಪಂದ್ಯಕ್ಕೆ ಕಳಿಸಬೇಡಿ.